ಏಳನೇ ಪ್ರಶ್ನೆಗೆ ಸೊನ್ನೆ

ತೇಜಶ್ರೀಗೆ ಸಿಟ್ಟು ಬಂದದ್ದು ಮುದ್ದಮ್ಮನ ಮೇಲಲ್ಲ, ತಾನೇ ಕೂತು ಕನ್ನಡಕ್ಕೆ ತಂದ ಪ್ರಶ್ನೆಗಳ ಮೇಲೆ. ಹಾಸನದಲ್ಲಿ ಮನಶ್ಶಾಸ್ತ್ರದ ಸಂಶೋಧನೆ ಮಾಡುತ್ತಿದ್ದವಳು ಅವಳು. ರಸ್ತೆ ಅಪಘಾತದಲ್ಲಿ ಬದುಕಿ ಉಳಿದವರ ಮನಸ್ಸಿಗೆ ಎಷ್ಟು ಪೆಟ್ಟಾಗಿದೆ ಎಂದು ಅಳೆಯುವುದು ಕೆಲಸ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಬಸ್ಸು ಬದಲಿಸುತ್ತ ಮನೆಮನೆಗೆ ಹೋಗಿ ಕೇಳಬೇಕು. ಒಂದೊಂದು ಉತ್ತರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಒಟ್ಟು ಅಂಕ ಗೊತ್ತುಮಾಡಿದ ಗೆರೆ ದಾಟಿದರೆ ಪ್ರತಿ ಭಾನುವಾರ ಆಪ್ತಸಮಾಲೋಚಕರು ಮನೆಗೇ ಬಂದು ಚಿಕಿತ್ಸೆ ಕೊಡುತ್ತಾರೆ. ದಾಟದವರಿಗೆ ಒಂದು ನಮಸ್ಕಾರ, ಅಷ್ಟೇ.

ಮುದ್ದಮ್ಮ ದಾಟಲಿಲ್ಲ.

ಅರಕಲಗೂಡು ಕಡೆಯ ಹಳ್ಳಿಯ ಕೂಲಿ ಹೆಂಗಸು ಮುದ್ದಮ್ಮ. ಹೋದ ವರ್ಷ ಶುಂಠಿ ಕೀಳಲು ಹೆಂಗಸರನ್ನು ತುಂಬಿಕೊಂಡು ಹೊರಟ ಗೂಡ್ಸ್ ಆಟೋ ಕೆರೆ ಏರಿಯ ಮೇಲೆ ಪಲ್ಟಿ ಹೊಡೆದಿತ್ತು. ಪಕ್ಕದಲ್ಲೇ ಕೂತಿದ್ದ ತಂಗಿ ನಾಗಲಕ್ಷ್ಮಿ ಅಕ್ಕನ ಕೈ ಹಿಡಿದುಕೊಂಡೇ ಸತ್ತಳು. ಅಂದಿನಿಂದ ಮುದ್ದಮ್ಮ ಉಣ್ಣುತ್ತ ಉಣ್ಣುತ್ತ ತುತ್ತನ್ನು ಕೈಯಲ್ಲೇ ಹಿಡಿದು ಕೂತುಬಿಡುತ್ತಾಳೆ, ಕರೆದರೆ ಬೆಚ್ಚಿಬೀಳುತ್ತಾಳೆ ಎಂದು ಗಂಡ ಚಲುವಯ್ಯ ಹೇಳಿದ. ಅವಳನ್ನು ನೋಡಿದ ಯಾರಿಗೂ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

“ಆ ಘಟನೆ ನೆನಪಿಸೋ ಜಾಗ, ವಾಹನ ಇವುಗಳಿಂದ ದೂರ ಇರ್ತೀರಾ ಅಮ್ಮ?” ತೇಜಶ್ರೀ ಕೇಳಿದಳು. ಅದು ಏಳನೇ ಪ್ರಶ್ನೆ.

“ದೂರ ಇದ್ರೆ ಒಟ್ಟೆಗೇನ್ ಮಾಡನವ್ವ?” ಎಂದಳು ಮುದ್ದಮ್ಮ. “ದಿನಾ ಅದೇ ಆಟೋ ಬತ್ತದೆ, ಅದೇ ಏರಿ ಮ್ಯಾಲೇ ಓಯ್ತದೆ. ಅದ್ರಲ್ಲೇ ಕೂತ್ಕೊಂಡು ಓಯ್ತೀನಿ.”

“ಭಯ ಆಗಲ್ವಾ?”

“ಆಯ್ತದೆ. ಅಂಗಂತ ಆಟೋ ನಿಲ್ತದಾ?”

ಭಯ ಆಗುತ್ತದೋ ಇಲ್ಲವೋ ಏಳನೇ ಪ್ರಶ್ನೆಗೆ ಬೇಕಿಲ್ಲ, ದೂರ ಇರುತ್ತಾರೋ ಇಲ್ಲವೋ ಅಷ್ಟೇ ಬೇಕು. ಸೊನ್ನೆ. ಕೆಟ್ಟ ಕನಸು ಬೀಳುತ್ತದಾ ಎಂದರೆ, “ನಿದ್ದೆ ಬಂದ್ರಲ್ವಾ” ಎಂದಳು. ಅಲ್ಲೂ ಸೊನ್ನೆ. ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳಲ್ಲಿ ಈಗ ಆಸಕ್ತಿ ಹೋಗಿದೆಯಾ ಎಂದು ಕೇಳಿದಾಗ ಮುದ್ದಮ್ಮ ತುಂಬ ಹೊತ್ತು ಯೋಚಿಸಿದಳು. ಖುಷಿ ಕೊಡುತ್ತಿದ್ದದ್ದು ಯಾವುದು ಎಂದೇ ಹೊಳೆಯದೆ ಗಂಡನ ಮುಖ ನೋಡಿದಳು. ಅವನೂ ಪಾಪ ತಲೆ ಕೆರೆದುಕೊಂಡ.

ಹೊಳೆನರಸೀಪುರದ ಬಟ್ಟೆ ಅಂಗಡಿಯ ಗೌರೀಶ ಬೈಕಿನಿಂದ ಬಿದ್ದ ಮೇಲೆ ಬೈಕ್ ಮುಟ್ಟಿರಲಿಲ್ಲ. ಬಿದ್ದ ಜಾಗವನ್ನೇ ಬಿಟ್ಟು ಸುತ್ತು ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದ. ಇದೇ ಪ್ರಶ್ನೆಗೆ ಅವನಿಗೆ ನಾಲ್ಕಕ್ಕೆ ನಾಲ್ಕು, ಅವನು ಗೆರೆ ದಾಟಿದ. ಅವನ ಸಂಕಟ ಸುಳ್ಳಲ್ಲ, ಹೇಳುತ್ತ ಹೇಳುತ್ತ ಅತ್ತುಬಿಟ್ಟಿದ್ದ. ಆದರೆ ಸುತ್ತು ಹಾಕಲು ಅವನಿಗೆ ಇನ್ನೊಂದು ರಸ್ತೆಯಾದರೂ ಇತ್ತು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದವಳನ್ನು, ತಪ್ಪಿಸಿಕೊಳ್ಳುತ್ತಿಲ್ಲವಲ್ಲ, ಚೆನ್ನಾಗಿದ್ದಾಳೆ ಅನ್ನುವುದು ಯಾವ ಸೀಮೆ ನ್ಯಾಯ?

ಇದನ್ನೇ ತೇಜಶ್ರೀ ಹಾಸನಕ್ಕೆ ಬಂದು ಮಾರ್ಗದರ್ಶಕ ಚಂದ್ರಮೌಳಿಯವರ ಮುಂದೆ ಹೇಳಿದಳು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಆಡಿ ಹಗುರಾಗಬಹುದಿತ್ತು.

“ಮೂರು ತಾಲ್ಲೂಕಲ್ಲೂ ಇದೇ ಪ್ರಶ್ನೆ ಕೇಳಿದೀವಿ. ಅರ್ಧದಲ್ಲಿ ಬದಲಾಯಿಸಿದ್ರೆ ಮಾಡಿದ್ದೆಲ್ಲ ಮಣ್ಣುಪಾಲು” ಎಂದರು. “ನಿನ್ನ ಕಣ್ಣಿಗೆ ಕಂಡಿದ್ದಕ್ಕೆ ಅಂಕ ಹಾಕೋಕಾಗಲ್ಲಮ್ಮ. ನಾಳೆ ಇನ್ನೊಬ್ರು ತಮಗೆ ಬೇಕಾದವರಿಗೆ ಹಾಕ್ತಾರೆ.”

“ಪ್ರಶ್ನೆನೇ ಅವರನ್ನ ಬಿಟ್ಟುಹಾಕಿದೆ ಸಾರ್.”

“ಇರಬಹುದು. ಅದನ್ನ ಪ್ರಬಂಧದಲ್ಲಿ ಬರಿ. ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ಅಳೆಯೋಕೆ ಅವಕಾಶ ಇದೆ. ಅಲ್ಲೀತನಕ ಆಸ್ಪತ್ರೆಗೆ ಚೀಟಿ ಕೊಡು, ಸ್ವಲ್ಪ ತಾಳ್ಮೆ ಇರಲಿ.”

ಚೀಟಿಯನ್ನು ಅವಳು ಆಗಲೇ ಕೊಟ್ಟಿದ್ದಳು. ಹಾಸನಕ್ಕೆ ಬಂದರೆ ಅವತ್ತಿನ ಕೂಲಿ ಹೋಗುತ್ತದೆ, ಎರಡು ದಿನ ತಪ್ಪಿಸಿದರೆ ಮೇಸ್ತ್ರಿ ಮತ್ತೆ ಕರೆಯುವುದಿಲ್ಲ ಎಂದು ಮುದ್ದಮ್ಮ ಅದನ್ನು ಮಡಿಸಿ ಬೇಳೆ ಡಬ್ಬಿಯ ಕೆಳಗೆ ಇಟ್ಟಿದ್ದಳು. ಇನ್ನು ತಾಳ್ಮೆ ಮಾತ್ರ ಬಾಕಿ. ಸೊನ್ನೆಗಳನ್ನು ತಿದ್ದಿಬಿಡೋಣ ಅಂತಲೂ ತೇಜಶ್ರೀಗೆ ಒಂದು ಸಲ ಅನ್ನಿಸಿತು. ಪೆನ್ನು ತೆಗೆದಳು, ಮತ್ತೆ ಮುಚ್ಚಿಟ್ಟಳು. ಪ್ರಾಮಾಣಿಕಳಾಗಿದ್ದಕ್ಕೆ ಅಷ್ಟು ಕೆಟ್ಟದಾಗಿ ಅವಳಿಗೆ ಹಿಂದೆಂದೂ ಅನ್ನಿಸಿರಲಿಲ್ಲ.

ಮೂರು ತಿಂಗಳು ಕಳೆದು ಅವಳು ಮತ್ತೆ ಆ ಮನೆಗೆ ಹೋದಾಗ ಚಲುವಯ್ಯ ಜಗಲಿಯಲ್ಲಿ ಒಬ್ಬನೇ ಕೂತಿದ್ದ.

“ಕೆಲ್ಸ ಬುಟ್ಟು ತಿಂಗ್ಳಾಯ್ತು ಕಣವ್ವ” ಎಂದ. “ಒಂದಿನ ಏರಿ ಮ್ಯಾಲೆ ಓಡ್ತಿರೋ ಆಟೋದಿಂದ್ಲೇ ಧುಮುಕ್ಬುಟ್ಲು. ಮಂಡಿ ಕಿತ್ತೋಯ್ತು, ಅದೇನೋ ವಾಸಿ ಆಯ್ತು. ಆದ್ರೆ ಅವತ್ತಿಂದ ಒಸ್ಲು ದಾಟಿಲ್ಲ.”

ಒಳಗೆ ಮುದ್ದಮ್ಮ ಗೋಡೆಗೆ ಆನಿಕೊಂಡಿದ್ದಳು. ಎದುರಿಗೆ ಬುದ್ಧನ ಚಿತ್ರದ ಕ್ಯಾಲೆಂಡರು, ಹಾಳೆ ಹರಿಯದೆ ಹಳೇ ತಿಂಗಳನ್ನೇ ತೋರಿಸುತ್ತಿತ್ತು. ತೇಜಶ್ರೀ ಅವವೇ ಪ್ರಶ್ನೆಗಳನ್ನು ಕೇಳಿದಳು. ದೂರ ಇರ್ತೀರಾ ಎಂದರೆ, “ಇನ್ನೇನವ್ವ, ಇಲ್ಲೇ ಇದ್ದೀನಲ್ಲ” ಎಂಬ ಉತ್ತರ ಬಂತು. ಈ ಸಲ ಗೆರೆ ದಾಟಲು ಪ್ರಶ್ನೆಗಳು ಮುಗಿಯುವವರೆಗೂ ಕಾಯಬೇಕಾಗಲಿಲ್ಲ.

ಹೊರಗೆ ಬಂದು ಚಂದ್ರಮೌಳಿಯವರಿಗೆ ಫೋನ್ ಮಾಡಿದಳು.

“ನೋಡಿದ್ಯಾ?” ಎಂದರು ಅವರು, ನಿಜವಾಗಿಯೂ ಸಂತೋಷಪಟ್ಟು. “ನಮ್ಮ ಮಾಪನ ಸರಿಯಾಗೇ ಇದೆ, ಹಿಡೀತಲ್ಲ. ಭಾನುವಾರದಿಂದ ಶುರುಮಾಡಿಸು.”

ಫೋನನ್ನು ತೆಗೆದು ಕೆರೆಗೆ ಎಸೆಯುವಷ್ಟು ಮೈ ಉರಿಯಿತು ತೇಜಶ್ರೀಗೆ. ಹಿಡಿದದ್ದು ನಿಜ, ಮುದ್ದಮ್ಮ ಪೂರ್ತಿ ಬಿದ್ದ ಮೇಲೆ ಹಿಡಿಯಿತು. ಒಳಗೆ ಬಂದು, ಭಾನುವಾರದಿಂದ ಒಬ್ಬರು ಬರುತ್ತಾರೆ, ನಿಮ್ಮ ಜೊತೆ ಕೂತು ಮಾತಾಡುತ್ತಾರೆ, ನಿಧಾನಕ್ಕೆ ವಾಸಿಯಾಗುತ್ತದೆ ಎಂದು ಹೇಳಿದಳು.

“ಆವತ್ತು ಯಾಕವ್ವ ಸೇರಿಸ್ಕನಿಲ್ಲ?” ಎಂದಳು ಮುದ್ದಮ್ಮ.

ಸುಳ್ಳು ಹೇಳಲು ತೇಜಶ್ರೀಗೆ ಬಾಯಿ ಬರಲಿಲ್ಲ. “ಆವಾಗ ನೀವು ಕೆಲಸಕ್ಕೆ ಹೋಗ್ತಿದ್ರಿ ಅಮ್ಮ.”

“ಅಲ್ಲು ಕಚ್ಕೊಂಡು ಓಯ್ತಿದ್ದೆ. ಓಗ್ಬಾರ್ದಿತ್ತಾ?”

“ತಪ್ಪು ನಿಮ್ಮದಲ್ಲ. ನಮ್ಮದು.”

ಮುದ್ದಮ್ಮ ಅದನ್ನು ನಂಬಲಿಲ್ಲ. ಓದಿದವರು ತಪ್ಪು ಮಾಡುತ್ತಾರೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತೇಜಶ್ರೀಯ ಹತ್ತಿರಕ್ಕೆ ಸರಿದು ಮೆಲ್ಲಗೆ ಕೇಳಿದಳು:

“ಭಾನ್ವಾರ ಬರೋರ್ಗೆ ಏನೇನ್ ಯೇಳ್ಬೇಕು ಅಂತ ಈಗ್ಲೇ ಯೇಳ್ಕೊಟ್ಬುಟ್ಟು ಓಗವ್ವ. ಇನ್ನೊಂದ್ಸಲ ತಪ್ಪಾಗದು ಬ್ಯಾಡ.”