ಸಾಯ್ಬಿಣಿಗೆ ನೀಲಿ ಡ್ರೆಸ್ಸರು

"ಡ್ರೆಸ್ಸರು ಮಾರಾಯ್ತಿ ಇದು, ಸಮುದ್ರಕ್ಕೆ ಇಳಿಸ್ಲಿಕ್ಕಿಲ್ಲ," ಎಂದ ಕಾಯ್ತಾನ್.

ಅವನ ಹೆಂಡತಿ ಪಿಯೆದಾದ್ ನೀಲಿ ಬಣ್ಣದ ಡಬ್ಬಿಗೆ ಮತ್ತೆ ಬ್ರಷ್ಷು ಅದ್ದಿ, ಸೊಂಟದೆತ್ತರದ ಆ ಹಳೆಯ ಮರದ ಕಪಾಟಿಗೆ ಬಳಿದಳು. ದೋಣಿಗೆ ಬಳಿದು ಪಳಗಿದ ಕೈ ಅದು. ಉಪ್ಪುನೀರು ನುಸುಳಬಾರದೆಂದು ಪದರದ ಮೇಲೆ ಪದರ ಮೆತ್ತುವುದಷ್ಟೇ ಅದಕ್ಕೆ ಗೊತ್ತು. ಬೆಳಗಿನಿಂದ ಅವಳು ಉಜ್ಜಿದ ರಭಸಕ್ಕೆ ಉದುರಿದ ಹಳೆಯ ಬಣ್ಣವನ್ನು ಗುಡ್ಡೆ ಹಾಕಿದ್ದರೆ ಗೋವೆಯಲ್ಲಿ ಇನ್ನೊಂದು ಬೆಟ್ಟ ಎದ್ದು, ಅದರ ತಲೆಯ ಮೇಲೊಂದು ಶಿಲುಬೆ ನೆಡಬಹುದಿತ್ತು.

ಆ ಸಂಜೆ ಸಾಯ್ಬಿಣಿ ಬರುವವಳಿದ್ದಳು. ಮೇರಿಮಾತೆಯ ಆ ಪುಟ್ಟ ಮೂರ್ತಿ ಮನೆಗೊಂದು ರಾತ್ರಿಯಂತೆ ವಾಡೆಯಿಡೀ, ಆ ಕೇರಿಯಿಡೀ, ತಂಗುತ್ತಾ ಸಾಗುತ್ತದೆ. ಪಿಯೆದಾದಳ ಮನೆಯಲ್ಲಿ ಅವಳನ್ನು ಕೂರಿಸಲು ತಕ್ಕ ಮೇಜಿಲ್ಲವೆಂದು ಪ್ರತಿ ವರ್ಷ ಪಕ್ಕದ ಮನೆಯ ಓರಗಿತ್ತಿ ಕಿತೇರಿಯಾ ತನ್ನ ಬೀಟೆಯ ಮೇಜು ಕಳಿಸುತ್ತಿದ್ದಳು. ಹಡಗಿನಲ್ಲಿ ದುಡಿಯುವ ಗಂಡ ಮಾಡಿಸಿಕೊಟ್ಟ ಮೇಜು. ಅದರ ಭಾರಕ್ಕೆ ವಾಡೆಯೇ ಒಂದು ಕಡೆ ವಾಲಿದೆ. ಅದಕ್ಕಿಂತ ಭಾರವಾದದ್ದು ಅದರ ಹಿಂದೆ ಬರುತ್ತಿದ್ದ ಮಾತು. ತನ್ನ ಮೇಜಿಲ್ಲದಿದ್ದರೆ ಇವಳು ಸಾಯ್ಬಿಣಿಯನ್ನು ಮೀನಿನ ಬುಟ್ಟಿಯ ಮೇಲೆ ಕೂರಿಸುತ್ತಿದ್ದಳೆಂದು ಹೋದ ವರ್ಷ ಕಿತೇರಿಯಾ ಎಲ್ಲರೆದುರು ನಕ್ಕಿದ್ದಳು. ಈ ಸಲ ಕೂತರೆ ಅಮ್ಮ ಕೊಟ್ಟ ಡ್ರೆಸ್ಸರಿನ ಮೇಲೆ, ಇಲ್ಲವಾದರೆ ಸಾಯ್ಬಿಣಿ ತನ್ನ ಮನೆ ದಾಟಿಯೇ ಹೋಗಲಿ ಎಂದು ಪಿಯೆದಾದ್ ಅಂದೇ ತೀರ್ಮಾನಿಸಿದ್ದಳು.

ಸಾಯ್ಬಿಣಿ ಬಂದು ಕೂತಳು. ಪ್ರಾರ್ಥನೆ ಮುಗಿದು, ಬೇಯಿಸಿದ ಕಡಲೆ, ಫೆನ್ನಿ ಎಲ್ಲರ ಕೈಗೆ ಬಂದಮೇಲೆ ಕಿತೇರಿಯಾ ಡ್ರೆಸ್ಸರನ್ನು ಮೇಲಿನಿಂದ ಕೆಳಗೆ ನೋಡಿದಳು.

"ದೋಣಿ ಚೆನ್ನಾಗುಂಟು. ಹುಟ್ಟು ಎಲ್ಲಿಟ್ಟೆ?"

ಮರುದಿನ ಸಂಜೆ ಸಾಯ್ಬಿಣಿ ಕಿತೇರಿಯಾಳ ಮನೆಗೆ ಹೊರಡಬೇಕು. ವಾಡೆಯ ಹಿರಿಯ ಲಿಗೋರ್ ಮೂರ್ತಿಯನ್ನು ಎತ್ತಲು ಹೋದ. ಅದು ಮೇಲೇಳಲಿಲ್ಲ. ದೋಣಿಗಾದರೆ ಬಿಸಿಲಿತ್ತು, ಕಡಲ ಗಾಳಿಯಿತ್ತು. ಮನೆಯೊಳಗೆ ಬಣ್ಣ ಮೇಲೆ ಮಾತ್ರ ಒಣಗಿ, ಒಳಗೆ ಹಲಸಿನ ಮೇಣದಂತೆ ಉಳಿದು ಮೂರ್ತಿಯ ಪೀಠವನ್ನು ಕಚ್ಚಿಕೊಂಡಿತ್ತು. ಲಿಗೋರ್ ಜಗ್ಗಿದ ಜೋರಿಗೆ ಡ್ರೆಸ್ಸರಿನ ಕಾಲು ನೆಲ ಬಿಟ್ಟಿತೇ ಹೊರತು ಸಾಯ್ಬಿಣಿ ಮಿಸುಕಲಿಲ್ಲ. ಒಬ್ಬ ಮುದುಕಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಚಾಕು ತನ್ನಿ. ಬಣ್ಣ ಕೆರೆದ್ರೆ ಬರ್ತದೆ," ಎಂದಳು ಕಿತೇರಿಯಾ.

ಪಿಯೆದಾದಳ ಕಿವಿ ಕೆಂಪಾಯಿತು. ಆದರೂ ಹೋಗಿ ಡ್ರೆಸ್ಸರಿಗೆ ಅಡ್ಡ ನಿಂತಳು.

"ಅವಳ ಪಾದಕ್ಕೆ ಚಾಕು ತಾಗಿಸ್ಲಿಕ್ಕೆ ನಾನು ಬಿಡೋದಿಲ್ಲ, ಅಕ್ಕ. ಡ್ರೆಸ್ಸರೇ ನಿಮ್ಮಲ್ಲಿಗೆ ಬರ್ತದೆ."

"ಮತ್ತೆ ನನ್ನ ಮೇಜು?"

"ಗೋಡೆ ಬದಿಗೆ ಸ್ವಲ್ಪ ಸರಿಸಿ."

ಬಲೆ ಎಳೆಯುವ ಗಂಡಸರು ಹೆಗಲು ಕೊಟ್ಟರು. ಕಾಯ್ತಾನ್ ಎಲ್ಲರಿಗಿಂತ ಮುಂದೆ. ಇಂಥ ಮೆರವಣಿಗೆಯನ್ನು ಯಾರೂ ಕಂಡಿರಲಿಲ್ಲ. ಮುಂದಿನವರು ಕಿತೇರಿಯಾಳ ಅಂಗಳ ಮುಟ್ಟಿದಾಗ ಹಿಂದಿನವರು ಇನ್ನೂ ಕಾರವಾರದಲ್ಲಿದ್ದರು. ಬಾಗಿಲಲ್ಲಿ ಡ್ರೆಸ್ಸರು ಸಿಕ್ಕಿಕೊಂಡಾಗ ಪಿಯೆದಾದ್ ಯಾರನ್ನೂ ಕೇಳದೆ ಅದನ್ನು ಓರೆ ಮಾಡಿಸಿ, ಒಂದು ಕೈ ಮೂರ್ತಿಗೆ ಆನಿಸಿಕೊಂಡು, ಒಳಗೆ ತಂದಳು.

ಪ್ರಾರ್ಥನೆ ಶುರುವಾಯಿತು. ಮೊದಲ ಸಾಲಿನಲ್ಲಿ ಓರಗಿತ್ತಿಯರಿಬ್ಬರೂ ಅಕ್ಕಪಕ್ಕ ಮೊಣಕಾಲೂರಿದ್ದರು. ಮೇಣದಬತ್ತಿಯಿಂದ ಒಂದು ಹನಿ ಜಾರಿ ನೀಲಿಯ ಮೇಲೆ ಬಿತ್ತು. ಪಿಯೆದಾದ್ ಏಳುವ ಮೊದಲೇ ಕಿತೇರಿಯಾ ಮುಂದೆ ಬಾಗಿ, ಬಣ್ಣಕ್ಕೆ ಗೀರು ಬೀಳದಂತೆ, ಉಗುರ ತುದಿಯಿಂದ ಅದನ್ನು ಮೆಲ್ಲಗೆ ಎಬ್ಬಿಸಿ ತೆಗೆದಳು.