ಅಡರಕಟ್ಟಿಯಲ್ಲಿ ಕಳೆದುಹೋದ ಎರಡು ತಾಸು

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ನನಗೂ ನನಗೂ ನಡುವಿನ ತಕರಾರು. ಮೆಂತೆಪಲ್ಲೆಯಿಂದ ಶುರು ಮಾಡಿದರೆ ನೀವು ಅಡುಗೆ ಅಂಕಣ ಅಂದುಕೊಳ್ಳುತ್ತೀರಿ. ‘ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್’ ಅಂತ ಶುರು ಮಾಡಿದರೆ ಪುಟ ತಿರುವುತ್ತೀರಿ. ನಾನಾದರೂ ತಿರುವುತ್ತಿದ್ದೆ.

ಮೊದಲ ಡ್ರಾಫ್ಟ್ ಹೀಗಿತ್ತು: ‘ಮೀಟಿಂಗ್ ಹಾಲಿನಲ್ಲಿ ಅವಳು ಅವನನ್ನು ಮೊದಲ ಸಲ ನೋಡಿದಳು.’ ಒಂದೇ ಸಾಲಿಗೆ ನೀವು ಮದುವೆ ಊಟಕ್ಕೆ ಎಲೆ ಹಾಕಿಕೊಂಡು ಕೂತಿರಿ. ಹೊಡೆದುಹಾಕಿದೆ. ಅವನಿಗೆ ಹುಬ್ಬಳ್ಳಿಯಲ್ಲಿ ಹೆಂಡತಿ ಇದ್ದಾಳೆ, ಎರಡನೇ ಇಯತ್ತೆ ಓದುವ ಮಗಳಿದ್ದಾಳೆ. ಅವಳಿಗೆ ಸದ್ಯ ಥೀಸಿಸ್ ಬಿಟ್ಟು ಬೇರೆ ಯಾವುದರ ಮೇಲೂ ಮೋಹವಿಲ್ಲ.

೧

ಅವಳು ಅಂದರೆ ನಾಗರತ್ನಾ. ಮುಂಡರಗಿಯವಳು, ಇಪ್ಪತ್ತೊಂಬತ್ತು ವರ್ಷ, ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. (ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಅಲ್ಲಿ ನನಗೂ ಪರಿಚಯದವರಿದ್ದಾರೆ.) ಹೊಲದಲ್ಲಿ ಕಿತ್ತ ಕಾಯಿಪಲ್ಲೆ ಪ್ಯಾಟಿಗೆ ಬರುವುದರೊಳಗೆ ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ, ಇದು ಅವಳ ವಿಷಯ. ಮುಂಜಾನೆ ಆರಕ್ಕೆ ಲಕ್ಷ್ಮೇಶ್ವರದ ಸುತ್ತಿನ ಹೊಲಗಳಿಗೆ ಹೋಗಿ ಪಲ್ಲೆ ತುಂಬುವ ಕ್ರೇಟುಗಳಲ್ಲಿ ಬೆರಳುದ್ದದ ಸೆನ್ಸರ್ ಇಡುತ್ತಿದ್ದಳು. ಆಮೇಲೆ ಬಸ್ಸು ಹಿಡಿದು ಗದಗಕ್ಕೆ ಬಂದು, ಮಧ್ಯಾಹ್ನ ಅದೇ ಕ್ರೇಟುಗಳಿಂದ ಸೆನ್ಸರ್ ತೆಗೆದು, ಹತ್ತು ಹತ್ತು ನಿಮಿಷಕ್ಕೆ ಎಷ್ಟು ಬಿಸಿಯಾಗಿತ್ತು ಅಂತ ಕಂಪ್ಯೂಟರಿಗೆ ಇಳಿಸುತ್ತಿದ್ದಳು. ಎರಡು ವರ್ಷ ಇದೇ ಮಾಡಿದಳು.

ಅವನು ವೀರೇಶ. ಹುಬ್ಬಳ್ಳಿಯ ಕನ್ಸಲ್ಟಂಟ್. ಸುತ್ತಲಿನ ರೈತರು ಕೂಡಿ ಕಟ್ಟಿಕೊಂಡ ಕಾಯಿಪಲ್ಲೆ ಕಂಪನಿಯೊಂದಿದೆ. ಹಳ್ಳಿಗಳಲ್ಲಿ ಮಾಲು ಕೂಡಿಸಿ, ಗದಗ-ಬೆಟಗೇರಿಯ ಅಂಗಡಿಗಳಿಗೂ ಹಾಸ್ಟೆಲುಗಳಿಗೂ ಮುಟ್ಟಿಸುತ್ತದೆ. ಮಾಲು ಬಹಳ ಕೆಡುತ್ತಿದೆ ಅಂತ ಕಂಪನಿ ಅವನನ್ನು ಕರೆಸಿ ವರ್ಷವಾಗುತ್ತ ಬಂದಿತ್ತು.

ವಿಶ್ವವಿದ್ಯಾಲಯಕ್ಕೂ ಕಂಪನಿಗೂ ಒಪ್ಪಂದವಾಗಿತ್ತು. ಸಂಶೋಧಕರು ಮತ್ತು ಸಲಹೆಗಾರರು ಒಟ್ಟಾಗಿ ಕೆಲಸ ಮಾಡತಕ್ಕದ್ದು ಅಂತ ಅದರಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಒಟ್ಟಾಗಿ ಅವರು ಮಾಡಿದ್ದು ಒಂದು ವಾಟ್ಸಾಪ್ ಗ್ರೂಪು. ಅದರಲ್ಲಿ ದಿನಾ ಯಾರಾದರೂ ಗುಲಾಬಿ ಹೂವಿನ ಶುಭೋದಯ ಹಾಕುತ್ತಿದ್ದರು. ಉಳಿದಂತೆ ನಡೆದ ಮಾತುಕತೆ ಒಂದೇ.

“ಮೇಡಂ, ನಿಮ್ಮ ಡೇಟಾ ಸ್ವಲ್ಪ ಕೊಡ್ರಿ.”

“ಇನ್ನೊಂದು ಹಂಗಾಮು ನೋಡಬೇಕ್ರಿ ಸರ. ಆಮ್ಯಾಲೆ ಕೊಡ್ತೀನಿ.”

“ನಿಮ್ಮ ಹಂಗಾಮು ಮುಗಿಯೂದ್ರಾಗ ಕಂಪನೀನ ಮುಗೀತೈತ್ರಿ.”

“ನಿಮಗ ಶುಕ್ರವಾರದೊಳಗ ಸತ್ಯ ಸಿಗತೈತಿ. ನಮಗ ಅಷ್ಟು ಜಲ್ದಿ ಸಿಗೂದಿಲ್ರಿ.”

[ಇಲ್ಲಿ ವೀರೇಶ ನನ್ನನ್ನು ತಡೆದ. “ನನ್ನ ಖಳನಾಯಕನ್ನ ಮಾಡಾಕ ಹತ್ತೀರಲ್ರಿ? ಶುಕ್ರವಾರ ಅಂತ ಗಡುವು ಕೊಟ್ಟಾವ್ರು ಕಂಪನಿಯವ್ರು, ನಾನಲ್ಲ.” ಸರಿ, ಅದನ್ನೂ ಬರೆದಿದ್ದೇನೆ. ಮುಂದೆ ಹೋಗೋಣವೇ?]

೨

ಅಡರಕಟ್ಟಿಯಲ್ಲಿ ಕಂಪನಿಯದೊಂದು ಶೆಡ್ ಇದೆ. ಹನ್ನೆರಡು ಮಂದಿ ಹೆಣ್ಣುಮಕ್ಕಳು ಮುಂಜಾನೆ ಏಳಕ್ಕೆ ಕೂತು ಪಲ್ಲೆ ಆರಿಸಿ, ಸಿವುಡು ಕಟ್ಟಿ, ಕ್ರೇಟಿಗೆ ತುಂಬುತ್ತಾರೆ. ಒಂಬತ್ತರ ಸುಮಾರಿಗೆ ಗಾಡಿ ಬಂದು ಒಯ್ಯುತ್ತದೆ. ಅವರ ಹಿರಿಯಳು ರಾಮವ್ವ.

ಒಂದು ಸೋಮವಾರ ನಾಗರತ್ನಾ ಸೆನ್ಸರ್ ಇಡಲು ಹೋದಾಗ ರಾಮವ್ವ ಕೆಲಸ ನಿಲ್ಲಿಸಿ ಎದ್ದು ಬಂದಳು.

“ತಂಗಿ, ನೀ ಓದಿದಾಕಿ. ಒಂದ್ ಖಬರ ಬಂದೈತಿ, ಖರೆನೋ ಸುಳ್ಳೋ ಹೇಳು. ನಮ್ಮ ಕೈ ಸುಮಾರ ಅದಾವು, ಅದಕ್ಕ ಪಲ್ಲೆ ಕೆಡತಾವು ಅಂತ ಬರದಾರಂತ. ಗುರುವಾರ ಮೀಟಿಂಗಿನ್ಯಾಗ ಈ ಶೆಡ್ ಮುಚ್ಚತಾರಂತ.”

ಖಬರ ಖರೆಯಾಗಿತ್ತು. ಅಡರಕಟ್ಟಿಯಿಂದ ಹೋದ ಹತ್ತು ಕ್ರೇಟಿನಲ್ಲಿ ಮೂರು ಗದಗಿನಲ್ಲಿ ತಿರಸ್ಕಾರವಾಗುತ್ತಿದ್ದವು. ಬೇರೆ ಊರಿನವು ಹತ್ತಕ್ಕೆ ಒಂದು. ವೀರೇಶನ ವರದಿಯ ಕೊನೆಯ ಸ್ಲೈಡು ಹೇಳುತ್ತಿತ್ತು: ಆರಿಸುವ ಕೆಲಸದಲ್ಲಿ ಗುಣಮಟ್ಟವಿಲ್ಲ, ಅಡರಕಟ್ಟಿ ಕೇಂದ್ರ ಮುಚ್ಚುವುದು.

(ಇಲ್ಲಿ ರಾಮವ್ವನ ಬಾಯಲ್ಲಿ ಒಂದು ಚಂದದ ಗಾದೆ ಇಟ್ಟಿದ್ದೆ. ಹಳ್ಳಿಯ ಹಿರಿಯ ಹೆಣ್ಣುಮಗಳು ಅಂದಮೇಲೆ ಗಾದೆ ಬೇಕಲ್ಲ. ಆಕೆ ಉಗುಳಿದಳು. “ನನಗ ನಿನ್ನ ಗಾದಿ ಬ್ಯಾಡೋ ಯಪ್ಪಾ, ಕೆಲಸ ಉಳೀಬೇಕು.” ಗಾದೆ ತೆಗೆದಿದ್ದೇನೆ.)

ನಾಗರತ್ನಾ ತನಗೆ ಗೊತ್ತಿದ್ದದ್ದನ್ನು ಬಾಯಿಬಿಡಲಿಲ್ಲ. ಅಡರಕಟ್ಟಿಯ ಪಲ್ಲೆ ರಾಮವ್ವನ ಕೈ ಬಿಡುವಾಗ ತಂಪಾಗಿರುತ್ತದೆ ಅನ್ನುವುದು ಅವಳಿಗೆ ಎಂಟು ತಿಂಗಳಿಂದ ಗೊತ್ತಿತ್ತು. ಅಲ್ಲಿಂದ ಹೊರಟಮೇಲೆ ಎರಡು ತಾಸಿನಲ್ಲಿ ಕ್ರೇಟಿನ ಬಿಸಿ ಇಪ್ಪತ್ತಾರು ಡಿಗ್ರಿಯಿಂದ ಮೂವತ್ತೊಂಬತ್ತಕ್ಕೆ ಏರುತ್ತಿತ್ತು. ಯಾಕೆ ಅಂತ ಅವಳಿಗೆ ತಿಳಿದಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಬಸ್ಸಿನಲ್ಲಿರುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ‘ಕಾರಣ ತಿಳಿಯದು’ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಳು. ಥೀಸಿಸ್ಸಿನ ಗೈಡ್ ಹೇಳಿದ್ದರು: “ಪೇಪರ್ ಪ್ರಕಟ ಆಗೂತನಾ ಯಾರಿಗೂ ತೋರಸಬ್ಯಾಡ.” ಅವಳೂ ತೋರಿಸಿರಲಿಲ್ಲ. ಗೈಡ್ ಮೇಲಿನ ಹೆದರಿಕೆಯೊಂದೇ ಅಲ್ಲ. ಎರಡು ವರ್ಷ ಬಿಸಿಲಲ್ಲಿ ತಿರುಗಿ ಕೂಡಿಸಿದ್ದು ಇನ್ನೊಬ್ಬರ ಸ್ಲೈಡಿನ ಮೇಲೆ ಕಂಡೀತು ಅನ್ನುವ ಅಳುಕೂ ಇತ್ತು.

“ನೋಡ್ತೀನಿ ರಾಮವ್ವಕ್ಕ,” ಅಂದು ಹೊರಟಳು. ಬಸ್ಸಿನಲ್ಲಿ ಕೂತಾಗ ಆ ಮಾತು ಅವಳಿಗೇ ನಾಚಿಕೆ ತಂದಿತು.

೩

ಅವಳು ಧೈರ್ಯವಾಗಿ ಎಲ್ಲರಿಗೂ ಇಮೇಲ್ ಕಳಿಸಿದ ಡ್ರಾಫ್ಟ್ ಒಂದಿತ್ತು. ಓದಲು ಜೋರಾಗಿತ್ತು, ಆದರೆ ಸುಳ್ಳು. ಖರೆ ಅಂದರೆ ಎರಡು ದಿನ ಒದ್ದಾಡಿದಳು. ಬುಧವಾರ ಸಂಜೆ ನಾಲ್ಕಕ್ಕೆ ವೀರೇಶನಿಗೆ ಫೋನ್ ಮಾಡಿ ಬೆಟಗೇರಿಯ ಒಂದು ಮಿರ್ಚಿ ಭಜಿ ಅಂಗಡಿಗೆ ಕರೆದಳು. ಲ್ಯಾಪ್‌ಟಾಪ್ ಬಿಚ್ಚಿ ಅವನ ಕಡೆ ತಿರುಗಿಸಿದಳು.

“ನೋಡ್ರಿ. ಆದ್ರ ಫೋಟೋ ತಗೀಬ್ಯಾಡ್ರಿ.”

ವೀರೇಶ ಫೋನನ್ನು ಮಗುಚಿ ಟೇಬಲ್ ಮೇಲಿಟ್ಟ. ಗ್ರಾಫ್ ನೋಡಿದ. ಭಜಿ ಬಂತು. ಇಬ್ಬರೂ ಮುಟ್ಟಲಿಲ್ಲ.

“ಒಂಬತ್ತೂ ಹತ್ತಕ್ಕ ಏರಾಕ ಶುರು. ಹನ್ನೊಂದೂಕಾಲಿಗೆ ನಿಂದರತೈತಿ,” ಅಂದ ಮೆಲ್ಲಗೆ. “ದಿನಾ ಹಿಂಗ ಏನ್ರಿ?”

“ದಿನಾ. ಎಂಟು ತಿಂಗಳಾತು. ಅದಕ್ಕೂ ಮೊದಲ ಹಿಂಗ ಇರಲಿಲ್ಲ.”

ಅವನು ತನ್ನ ಲ್ಯಾಪ್‌ಟಾಪ್ ತೆಗೆದ. ಗಾಡಿಗೆ ಹಾಕಿದ ಜಿಪಿಎಸ್ಸಿನ ಲೆಕ್ಕ ಅವನ ಬಳಿ ಇತ್ತು. ಗಾಡಿ ಎಷ್ಟು ಓಡಿತು, ಎಷ್ಟು ಡೀಸೆಲ್ ಕುಡಿಯಿತು ಎಲ್ಲ ಇತ್ತು. ಗಾಡಿ ನಿಂತ ಹೊತ್ತು ಮಾತ್ರ ಇರಲಿಲ್ಲ.

“ಸ್ಪೀಡ್ ಸೊನ್ನೆ ಇದ್ದ ಸಾಲು ಎಲ್ಲಾ ಅಳಿಸೀನ್ರಿ,” ಅಂದ. “ನಿಂತ ಗಾಡಿ ಏನ್ ಹೇಳತೈತಿ ಅಂತ.”

ಹಳೆಯ ಫೈಲ್ ಹುಡುಕಿ ತೆಗೆದ. ಎರಡೂ ಪರದೆ ಪಕ್ಕಪಕ್ಕ ಇಟ್ಟರು. ಅವನ ಗಾಡಿ ನಿಂತಲ್ಲೆಲ್ಲ ಅವಳ ಗೆರೆ ಏರುತ್ತಿತ್ತು. ಒಂಬತ್ತೂ ಹತ್ತರಿಂದ ಹನ್ನೊಂದೂಕಾಲು. ಎರಡು ತಾಸಿನ ಮೇಲೆ ಐದು ನಿಮಿಷ.

ವೀರೇಶ ಗಾಡಿ ಓಡಿಸುವ ಮೈಲಾರಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ.

“ಮೈಲಾರಣ್ಣ, ಅಡರಕಟ್ಟಿ ಶೆಡ್ಡಿನ್ಯಾಗ ತುಂಬಿಕೊಂಡ ಮ್ಯಾಲೆ ಗಾಡಿ ಎಲ್ಲಿ ನಿಂದರಸ್ತಿ?”

“ಊರ ಹೊರಗ ಕ್ರಾಸಿನ್ಯಾಗ್ರಿ ಸರ. ಬ್ಯಾರೆ ಊರಿಂದ ಸಣ್ಣ ಗಾಡ್ಯಾಗ ಮಾಲು ಬರೂದಿರತೈತಲ್ರಿ, ಅದಕ್ಕ ಕಾಯತೀನಿ.”

“ಬಿಸಲಾಗ?”

“ಅಲ್ಲಿ ಗಿಡ ಎಲ್ಲೈತ್ರಿ? ನೀವ ಹೇಳೀರಲ್ರಿ ಸರ, ಗಾಡಿ ಪೂರಾ ತುಂಬೂತನಾ ಬಿಡಬ್ಯಾಡ ಅಂತ. ಕಾಗದ ಹಚ್ಚೀರಿ, ನನ್ನ ಸೀಟಿನ ಮುಂದ ಐತಿ.”

ಎಂಟು ತಿಂಗಳ ಹಿಂದೆ ಆ ನಿಯಮ ಬರೆದವನು ವೀರೇಶನೇ. ಅರ್ಧ ಖಾಲಿ ಗಾಡಿ ಓಡಿಸುವುದು ದಂಡ ಅಂತ. ಅಲ್ಲಿಯತನಕ ಅಡರಕಟ್ಟಿಯ ಪಲ್ಲೆಯೂ ಬೇರೆ ಊರಿನ ಪಲ್ಲೆಯಷ್ಟೇ ಕೆಡುತ್ತಿತ್ತು.

ನಾಗರತ್ನಾಳಿಗೆ ಗೆದ್ದೆ ಅನಿಸಬೇಕಿತ್ತು. ಅವಳ ಕಣ್ಣ ಮುಂದೆ ಬಂದದ್ದು ಮಾತ್ರ ಎದ್ದು ನಿಂತು ಕೇಳಿದ ರಾಮವ್ವ. “ನೀವು ಎರಡು ತಾಸು ಅಳಿಸಿದ್ರಿ,” ಅಂದಳು. “ನಾನು ಎಂಟು ತಿಂಗಳು ಮುಚ್ಚಿಟ್ಟೆ. ಇಬ್ಬರೂ ಮೊದಲನೇ ದಿನ ಹಿಂಗ ಕುಂತಿದ್ರ ಈ ಮಾತು ಬರತಿರಲಿಲ್ಲ.”

[“ಇನ್ನ ನಾಳೆ ನಾನು ಎದ್ದು ನಿಂತು ತಪ್ಪು ಒಪ್ಪಿಕೊಂಡೆ ಅಂತ ಬರೀತೀರೇನು?” ವೀರೇಶ ಕೇಳಿದ. “ನನಗ ಬ್ಯಾರೆ ಕಂಪನಿಯವರೂ ಕೆಲಸ ಕೊಡಬೇಕು. ಅವರೂ ಓದತಾರ.” ನಾನು ಬರೆಯುವುದಿಲ್ಲ, ನೀವೇ ನೋಡಿಕೊಳ್ಳಿ ಅಂದೆ. ಪೆನ್ನು ಕೆಳಗಿಟ್ಟೆ. ಹೀಗಾಗಿ ಮುಂದಿನ ಭಾಗದಲ್ಲಿ ಏನಾಗುತ್ತದೆ ಅಂತ ಆಗ ನನಗೂ ಗೊತ್ತಿರಲಿಲ್ಲ.]

೪

ಗುರುವಾರ ಮುಂಜಾನೆ ಹನ್ನೊಂದು. ಕಂಪನಿಯ ಅಧ್ಯಕ್ಷರು ಲಕ್ಷ್ಮೇಶ್ವರದ ಚನ್ನಬಸವಣ್ಣ. ಹೊಲವೂ ಉಂಟು, ಅಂಗಡಿಯೂ ಉಂಟು, ಮುಖದಲ್ಲಿ ನಗು ಮಾತ್ರ ಕಡಿಮೆ. ನಾಗರತ್ನಾ ರಾಮವ್ವನನ್ನೂ ಕರೆತಂದಿದ್ದಳು. ಆಕೆ ಹಿಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ವೀರೇಶ ಒಂದೊಂದೇ ಸ್ಲೈಡ್ ದಾಟಿಸಿದ. ಕೊನೆಯದು ಬಂತು: ಅಡರಕಟ್ಟಿ ಕೇಂದ್ರ ಮುಚ್ಚುವುದು. ಅದನ್ನು ಅವನು ಬದಲಿಸಿರಲಿಲ್ಲ. ಅವನು ಪರದೆಗೆ ಬೆನ್ನು ಮಾಡಿ ನಿಂತ.

“ಇದು ತಪ್ಪೈತ್ರಿ. ಆ ಹೆಣ್ಣಮಕ್ಕಳ ಕೈಯಾಗ ಏನೂ ತಪ್ಪಿಲ್ಲ. ಗಾಡಿ ತುಂಬೂತನಾ ಕಾಯೂದು ನನ್ನ ನಿಯಮ. ಪಲ್ಲೆ ಕೆಡಸಿದ್ದು ಅದು.”

ಚನ್ನಬಸವಣ್ಣ ಕನ್ನಡಕ ತೆಗೆದರು. “ಅಲ್ರಿ, ತಪ್ಪು ಮಾಡಾಕ ನಾವ ಇದ್ವಿ. ಅದಕ್ಕ ಹುಬ್ಬಳ್ಳಿಯಿಂದ ನಿಮ್ಮನ್ಯಾಕ ಕರಸಬೇಕಿತ್ತು?”

ಯಾರೋ ನಕ್ಕರು. ವೀರೇಶನ ಕಿವಿ ಕೆಂಪಾದವು, ಆದರೂ ಕೂರಲಿಲ್ಲ. “ಖರೆ ಐತ್ರಿ. ಇದು ನನಗ ಒಬ್ಬಂವಗ ಸಿಗತಿರಲಿಲ್ಲ. ಮೇಡಂ ಅವರ ಅಳತಿ ಇಲ್ಲಂದ್ರ ನಾನು ಇವತ್ತ ಈ ಶೆಡ್ ಮುಚ್ಚಸ್ತಿದ್ದೆ.”

ಎಲ್ಲರೂ ನಾಗರತ್ನಾಳತ್ತ ತಿರುಗಿದರು.

“ನಿಮಗ ಪೂರಾ ಖಾತ್ರಿ ಐತೇನವಾ?” ಚನ್ನಬಸವಣ್ಣ ಕೇಳಿದರು.

ನಾಲಿಗೆಯ ತುದಿಗೆ ‘ಇನ್ನೊಂದು ಹಂಗಾಮು’ ಬಂತು. ನುಂಗಿದಳು. “ಪೂರಾ ಇಲ್ರಿ. ಇಪ್ಪತ್ತು ದಿನ ಕೊಡ್ರಿ. ಗಾಡಿ ತುಂಬಲಿ ಬಿಡಲಿ, ಒಂಬತ್ತಕ್ಕ ಬಿಡ್ರಿ. ನಾ ದಿನಾ ಗಾಡ್ಯಾಗ ಕುಂತು ಬರ್ತೀನಿ. ಫರಕ ಆಗಲಿಲ್ಲಂದ್ರ ನಾನೂ ತಪ್ಪ ಅಂತ ನಾನ ಬರದ ಕೊಡ್ತೀನಿ.”

ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ರಾಮವ್ವ ಎದ್ದಿದ್ದಳು.

“ನಾವು ಎಂಟೂವರಿಗೆ ತಯಾರ ಮಾಡಿ ಇಡತೀವ್ರಿ. ಆದ್ರ ನಂದೂ ಒಂದ್ ಮಾತೈತಿ. ಗದಗಿನ್ಯಾಗ ಎಷ್ಟ ಕೆಟ್ಟಾವು ಅಂತ ದಿನಾ ನಮಗೂ ಹೇಳಬೇಕ್ರಿ. ಇಷ್ಟ ವರ್ಷ ಕಟ್ಟಿ ಕಳಿಸೀವಿ. ಅದು ಮುಂದ ಏನಾತು ಅಂತ ಒಬ್ಬರೂ ಒಂದಿನಾ ಹೇಳಿಲ್ಲ.”

ಚನ್ನಬಸವಣ್ಣ ಕನ್ನಡಕ ಹಾಕಿಕೊಂಡರು. “ಆತು. ಇಪ್ಪತ್ತು ದಿನ.”

(ಗೈಡ್? ಸಿಟ್ಟಾದರು. “ನನಗ ಒಂದು ಮಾತು ಕೇಳಬೇಕಿತ್ತು,” ಅಂದು ಫೋನ್ ಇಟ್ಟರು. ನಾಗರತ್ನಾ ಆ ದಿನ ಊಟ ಬಿಟ್ಟಳು. ಮರುದಿನ ಅವರಿಂದ ಮೆಸೇಜ್ ಬಂತು: ‘ಎರಡೂ ಡೇಟಾ ಕೂಡಿಸಿದರೆ ಪೇಪರ್ ಗಟ್ಟಿಯಾಗುತ್ತದೆ. ಆ ಕನ್ಸಲ್ಟಂಟ್ ಸಹ-ಲೇಖಕನಾಗಲು ಒಪ್ಪುತ್ತಾನೇನು, ಕೇಳು.’)

೫

ಈಗ ಮುಕ್ತಾಯ. ಮೂರು ಬರೆದಿದ್ದೇನೆ.

ಮೊದಲನೆಯದರಲ್ಲಿ ಎಲ್ಲ ಸರಿಹೋಗಿ, ಇಬ್ಬರಿಗೂ ದೆಹಲಿಯಲ್ಲಿ ಶಾಲು, ಫಲಕ. ರಾಮವ್ವ ವಿಮಾನದಲ್ಲಿ ಕಿಟಕಿ ಪಕ್ಕ. ಓದಿ ನನಗೇ ಮುಜುಗರವಾಯಿತು. ಎರಡನೆಯದರಲ್ಲಿ ಇಪ್ಪತ್ತೊಂದನೇ ದಿನ ಶೆಡ್ ಮುಚ್ಚುತ್ತದೆ. ವಿಮರ್ಶಕರಿಗೆ ಹಿಡಿಸುತ್ತಿತ್ತು, ಆದರೆ ಇಪ್ಪತ್ತೊಂದನೇ ದಿನ ಇನ್ನೂ ಬಂದೇ ಇಲ್ಲ.

ಮೂರನೆಯದು ಹನ್ನೊಂದನೇ ದಿನದ್ದು. ಅಷ್ಟೊತ್ತಿಗೆ ಅಡರಕಟ್ಟಿಯ ತಿರಸ್ಕಾರ ಹತ್ತಕ್ಕೆ ಮೂರರಿಂದ ಒಂದಕ್ಕೆ ಇಳಿದಿತ್ತು. ಗದಗಿನಿಂದ ದಿನಾ ಮಧ್ಯಾಹ್ನ ರಾಮವ್ವನ ಫೋನಿಗೆ ಖಬರ ಹೋಗುತ್ತಿತ್ತು. ಒಂದು ದಿನ ತಡವಾದರೆ ಆಕೆಯೇ ಫೋನ್ ಮಾಡಿ ಬೈಯುತ್ತಿದ್ದಳು. ಆದರೆ ಗಾಡಿ ಅರ್ಧ ಖಾಲಿ ಓಡುತ್ತಿತ್ತು, ಚನ್ನಬಸವಣ್ಣ ಗೊಣಗುತ್ತಿದ್ದರು. ಆ ಖಾಲಿ ಜಾಗ ತುಂಬುವ ದಾರಿ ನಾಗರತ್ನಾಳಿಗೂ ಹೊಳೆದಿರಲಿಲ್ಲ, ವೀರೇಶನಿಗೂ ಹೊಳೆದಿರಲಿಲ್ಲ.

ಅವತ್ತು ಮೈಲಾರಪ್ಪನ ಪಕ್ಕ ಇಬ್ಬರೂ ಒತ್ತಿಕೊಂಡು ಕೂತಿದ್ದರು. ಗೊಜನೂರಿನ ಹತ್ತಿರ ರಸ್ತೆ ಬದಿಗೆ ಇಬ್ಬರು ಹೆಣ್ಣುಮಕ್ಕಳು ಬುಟ್ಟಿ ಮುಂದಿಟ್ಟುಕೊಂಡು ಕೈ ಮಾಡಿದರು. ಬುಟ್ಟಿ ತುಂಬ ಬದನೆಕಾಯಿ. ಈ ಗಾಡಿ ದಿನಾ ಇದೇ ಹೊತ್ತಿಗೆ ಹೋಗುವುದನ್ನು ಯಾರೂ ಹೇಳದಿದ್ದರೂ ಗುರುತು ಹಿಡಿದಿದ್ದರು.

ಮೈಲಾರಪ್ಪ ವೀರೇಶನನ್ನು ನೋಡಿದ. ವೀರೇಶ ನಾಗರತ್ನಾಳನ್ನು ನೋಡಿದ. “ಮೂರು ನಿಮಿಷ ನಿಂತ್ರ ಪಲ್ಲೆ ಕೆಡತಾವೇನ್ರಿ?”

“ಮೂರಕ್ಕ ಏನಾಗೂದಿಲ್ಲ.”

“ನಿಂದರಸಪಾ.”

ನಾಗರತ್ನಾ ತನ್ನ ಹಾಳೆ ನೋಡಿದಳು. ಅದರಲ್ಲಿ ಗೊಜನೂರಿಗೆ ಜಾಗವೇ ಇರಲಿಲ್ಲ. ಅಂಚಿನಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿದಳು. ವೀರೇಶ ಕೆಳಗಿಳಿದು ಬುಟ್ಟಿಗೆ ಕೈ ಹಚ್ಚಿದ.

ಮಾಲು ಏರಿಸಿ ಆದಮೇಲೆ ಇಬ್ಬರಲ್ಲಿ ಹಿರಿಯಳು ಕಿಟಕಿಗೆ ಬಂದು ಕೇಳಿದಳು: “ನಾಳೀನೂ ಇದ ಹೊತ್ತಿಗೆ ಬರ್ತೀರೇನ್ರಿ?”

ನಾಳೆ ಹನ್ನೆರಡನೇ ದಿನ. ಇಪ್ಪತ್ತರ ಆಚೆ ಏನು ಅಂತ ಯಾರಿಗೂ ಗೊತ್ತಿಲ್ಲ. ನನಗಂತೂ ಗೊತ್ತಿಲ್ಲ. ಇದಕ್ಕೆ ಏನು ಉತ್ತರ ಬರೆಯಲಿ, ಬರೆಯದೆ ಇಲ್ಲೇ ಚುಕ್ಕಿ ಇಡಲೇ ಅಂತ ನಾನು ಯೋಚಿಸುತ್ತ ಕೂತಿದ್ದಾಗಲೇ ನಾಗರತ್ನಾ ಕಿಟಕಿಯಿಂದ ತಲೆ ಹೊರಹಾಕಿ ಹೇಳಿಬಿಟ್ಟಳು:

“ಬರ್ತೀವ್ರಿ. ಒಂಬತ್ತೂ ಇಪ್ಪತ್ತಕ್ಕ.”

ಆ ಮಾತನ್ನು ನಾನಿನ್ನೂ ಬರೆದಿರಲಿಲ್ಲ.