ಎರಡನೇ ಗೇರಿನಲ್ಲಿ ಹುಲಿಕಲ್ ಘಾಟಿ

ನಮ್ಮ ಕಡೆ ಕಾರು ಕಲಿಯುವುದು ಅಂದರೆ ಹೈಸ್ಕೂಲ್ ಮೈದಾನದಲ್ಲಿ ಎಂಟು ಹಾಕುವುದು. ಶನಿವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಅಲ್ಲಿ ಒಂದೆರಡು ಗಾಡಿಗಳು ಸುತ್ತುತ್ತಿರುತ್ತವೆ. ಎಂಟು ಸರಿಯಾಗಿ ಬಂತೋ, ಕಲಿತು ಮುಗಿಯಿತು. ಲೈಸೆನ್ಸ್ ಕೈಗೆ ಬಂದ ಮಾರನೇ ದಿನ ಒಬ್ಬರೇ ಹೈವೇ ಹತ್ತಿಬಿಡುತ್ತೇವೆ. ಆಮೇಲೆ ಏನಾಗುತ್ತದೆ ಎನ್ನುವುದಕ್ಕೆ ಊರಿಗೊಂದು ಕಥೆ ಇದೆ. ನಾನು ಹೇಳುವುದು ಹಾಗೆ ಕಥೆಯಾಗದೆ ತಪ್ಪಿಹೋದದ್ದನ್ನು.

ಹೊಸನಗರದ ಹತ್ತಿರದ ಚಂದ್ರಯ್ಯ ಗೌಡರು ಮೂವತ್ತು ವರ್ಷ ಬಾಡಿಗೆ ಜೀಪು ಓಡಿಸಿದವರು. ಅವರಿಗಿದ್ದ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಘಟ್ಟದ ಕೆಳಗಿನ ಕಣ್ಣಿನ ಆಸ್ಪತ್ರೆಯಲ್ಲಿ ತಿಂಗಳಿಗೊಂದು ಇಂಜೆಕ್ಷನ್ ಅಂದರು. ಇನ್ನು ಗಾಡಿ ಓಡಿಸಕೂಡದು ಎಂದೂ ಹೇಳಿದರು. ಎರಡು ಸಲ ಊರಿನ ತೀರ್ಥೇಶನ ಟ್ಯಾಕ್ಸಿಯಲ್ಲಿ ಹೋಗಿ ಬಂದರು. ಮೂರನೇ ಸಲ ತೀರ್ಥೇಶ ಟೂರಿಸ್ಟರನ್ನು ಹತ್ತಿಸಿಕೊಂಡು ಜೋಗಕ್ಕೆ ಹೋಗಿಬಿಟ್ಟಿದ್ದ. ಇವರು ಬಸ್ಸಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು.

ಫೋನಿನಲ್ಲಿ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: "ಹೀಗೆ ತಪ್ಪಿಸ್ತಾ ಹೋದ್ರೆ ಕಣ್ಣು ಹೋಗುತ್ತೆ. ಹೋದದ್ದನ್ನ ನಾನು ವಾಪಸ್ ತಂದು ಕೊಡೋಕಾಗಲ್ಲ."

ಮನೆಯಲ್ಲಿ ವ್ಯಾನು ಇತ್ತು, ಓಡಿಸುವವರು ಇರಲಿಲ್ಲ. ಮಗ ಪೂರ್ಣೇಶ್ ಲೈನ್‌ಮ್ಯಾನ್. ಎಲ್ಲಿ ಕರೆಂಟ್ ಹೋದರೂ ಮೊದಲು ಅವನಿಗೇ ಫೋನು, ಊರು ಬಿಡುವಂತಿಲ್ಲ. ಸೊಸೆ ಸ್ಪಂದನಾ ಅತ್ತೆ ಮಾಸ್ತಮ್ಮನ ಹತ್ತಿರ ಒಂದು ಮಾತು ಕೇಳಿ, ನೇರ ಮಾವನ ಮುಂದೆ ಹೋಗಿ ನಿಂತಳು.

"ನಾನೇ ಕಲೀತೀನಿ ಮಾವ."

ಚಂದ್ರಯ್ಯನವರಿಗೆ ಖುಷಿಯೋ ಖುಷಿ. ಮುಂದಿನ ತಿಂಗಳಿಗೆ ತೀರ್ಥೇಶನನ್ನು ಮೊದಲೇ ಹಿಡಿದಿಟ್ಟರು, ಅದರ ಮುಂದಿನದಕ್ಕೆ ಸೊಸೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಸ್ಪಂದನಾ ಕಲಿಕಾ ಲೈಸೆನ್ಸ್ ಮಾಡಿಸಿ ಹೊಸನಗರದ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಕಲಿಸುವವರು ತೀರ್ಥಹಳ್ಳಿ ಕಡೆಯ ವೇದಾವತಿ ಮೇಡಂ. ಬೆಳಿಗ್ಗೆ ಮೇಡಂ ಹತ್ತಿರ ಪಾಠ, ಸಂಜೆ ಜಗಲಿಯಲ್ಲಿ ಮಾವನ ಬಾಯಿಮಾತಿನ ಪಾಠ.

"ನೋಡು ಮಗಾ, ಹುಲಿಕಲ್ಲಲ್ಲಿ ದೇವಿ ಗುಡಿ ಎದ್ರು ಗಾಡಿ ನಿಲ್ಸ್ಬೇಕು. ಕೈ ಮುಗೀಬೇಕು. ಆಮೇಲೆ ನ್ಯೂಟ್ರಲ್ ಮಾಡಿ ಬಿಟ್ರೆ ಆತು, ಕೆಳಗಿನ ತನಕ ಅಮ್ಮನೇ ನೋಡ್ಕಳ್ತಾಳೆ. ಎಣ್ಣೆನೂ ಉಳೀತದೆ."

ಸೊಸೆ ಅದನ್ನೂ ಮನಸ್ಸಿನಲ್ಲಿ ಬರೆದುಕೊಂಡಳು. ಮೂವತ್ತು ವರ್ಷದ ಡ್ರೈವರ್ ಹೇಳಿದ್ದಲ್ಲವೇ.

ಹದಿನೈದು ದಿನ ಕಳೆದಿರಬೇಕು. ಸ್ಪಂದನಾಳನ್ನು ಮನೆಗೆ ಬಿಡಲು ಬಂದ ಮೇಡಂ, "ನಾಳೆಯಿಂದ ಹೈವೇ, ಮುಂದಿನ ವಾರ ಘಾಟಿ" ಅಂದರು. ಚಂದ್ರಯ್ಯನವರು ಎಲೆಯಡಿಕೆ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದು ನಿಂತರು.

"ಎಂತ ಮೇಡಂ, ಎಲ್ ಬೋರ್ಡ್ ಹಾಕ್ಕಂಡು ಹೈವೇಗೆ ಹೋಗದಾ? ಟಿಪ್ಪರು, ಬಸ್ಸು, ಟೂರಿಸ್ಟ್ ಗಾಡಿ, ಒಂದಾ ಎರಡಾ? ಕಲಿಯೋರು ಮೈದಾನದಲ್ಲಿ ಕಲೀಬೇಕು. ಲೈಸೆನ್ಸ್ ಬರ್ಲಿ, ಆಮೇಲೆ ಹೈವೇಗೆ ಹೋಗ್ಲಿ."

"ಲೈಸೆನ್ಸ್ ಬಂದ್ಮೇಲೆ ಪಕ್ಕದಲ್ಲಿ ಯಾರು ಕೂತಿರ್ತಾರೆ ಗೌಡ್ರೆ?"

"ಯಾರೂ ಇಲ್ಲ. ಲೈಸೆನ್ಸ್ ಇದ್ದೋರಿಗೆ ಯಾರು ಬೇಕು?"

"ಹಂಗಾದ್ರೆ ಇವ್ಳು ಜೀವಮಾನದಲ್ಲಿ ಮೊದಲ್ನೇ ಸಲ ಘಾಟಿ ಇಳಿಯೋ ದಿನ ಪಕ್ಕದಲ್ಲಿ ಯಾರೂ ಇರಲ್ಲ. ಹಿಂದಿನ ಸೀಟಲ್ಲಿ ನೀವಿರ್ತೀರಿ, ಕಣ್ಣು ಕಾಣದೆ. ಅಲ್ವಾ?"

ಒಳಗಿನಿಂದ ಮಾಸ್ತಮ್ಮ, "ಹೌದಲ್ಲೇ" ಅಂದದ್ದು ಜಗಲಿಗೂ ಕೇಳಿಸಿತು.

"ಅದಕ್ಕೆ ಕಾನೂನು ಒಪ್ತದಾ?" ಎಂದು ಗೌಡರು ಇನ್ನೊಂದು ದಾರಿ ಹಿಡಿದರು.

"ಕಲಿಕಾ ಲೈಸೆನ್ಸ್ ಜೊತೆಗಿರ್ಬೇಕು. ಗಾಡಿ ಹಿಂದೆ ಮುಂದೆ ಬಿಳಿ ಮೇಲೆ ಕೆಂಪು ಎಲ್ ಇರ್ಬೇಕು. ಲೈಸೆನ್ಸ್ ಇರೋ ಕಲಿಸೋರು ಪಕ್ಕದಲ್ಲಿ, ಗಾಡಿ ನಿಲ್ಸೋಕಾಗೋ ಹಂಗೆ ಕೂತಿರ್ಬೇಕು. ಇಷ್ಟಿದ್ರೆ ನಮ್ಮ ಈ ರಸ್ತೇಲಿ ಕಲೀಬಹುದು. ಕಲಿಯೋರು ಬರಬಾರದು ಅಂತ ಬೋರ್ಡ್ ಇರೋ ಕಡೆ ನಾವು ಹೋಗಲ್ಲ. ನಮ್ಮ ಕಾರಲ್ಲಿ ನನ್ನ ಕಾಲ ಹತ್ರನೂ ಒಂದು ಬ್ರೇಕ್ ಇದೆ."

"ಹಂಗಾದ್ರೆ ಘಾಟಿಗೆ ಹೋಗೋ ದಿನ ನಾನೂ ಬರ್ತೀನಿ."

"ಬನ್ನಿ. ಆದ್ರೆ ಬಾಯಿ ಬಿಡಬಾರದು."

"ಅದೊಂದು ಇವ್ರ ಕೈಲಿ ಆಗಲ್ಲ," ಎಂದು ಮಾಸ್ತಮ್ಮ ಮಜ್ಜಿಗೆ ಲೋಟ ತಂದಿಟ್ಟರು.

ಹೈವೇಯ ಮೊದಲ ದಿನ ಸ್ಪಂದನಾಳಿಗೆ ಬೆವರಿಳಿಯಿತು. ಹಿಂದಿನಿಂದ ಬಸ್ಸಿನವನು ಹಾರ್ನ್ ಬಾರಿಸಿದ ಕೂಡಲೇ ಅವಳು ರಸ್ತೆ ಬಿಟ್ಟು ಮಣ್ಣಿಗೆ ಇಳಿಸಿಬಿಟ್ಟಳು. "ಹಾರ್ನಿಗೆ ಹೆದರಿ ಓಡಬೇಡ. ಕನ್ನಡಿ ನೋಡು, ಎಡಕ್ಕೆ ಇರು, ಜಾಗ ಇದ್ದಾಗ ಅವನೇ ಹೋಗ್ತಾನೆ," ಅಂದರು ಮೇಡಂ. ನಾಲ್ಕನೇ ದಿನ ಹಾರ್ನ್ ಕೇಳಿದರೂ ಅವಳ ಕೈ ಅಲುಗಲಿಲ್ಲ.

ಘಾಟಿಯ ದಿನ ಬಂತು. ಹುಲಿಕಲ್ಲಿನಲ್ಲಿ ಗುಡಿ ಎದುರು ಕಾರು ನಿಲ್ಲಿಸಿ ಮೂವರೂ ಕೈ ಮುಗಿದರು. ಚಂದ್ರಯ್ಯನವರು ಹಿಂದಿನ ಸೀಟಿನಲ್ಲಿ ತುಟಿ ಹೊಲಿದುಕೊಂಡು ಕೂತಿದ್ದರು. ಇಳಿಜಾರು ಶುರುವಾಯಿತು. ಸ್ಪಂದನಾ ಯಾರನ್ನೂ ಕೇಳದೆ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿದಳು.

ಇಂಜಿನ್ನಿನ ಸದ್ದು ಇಳಿಯಿತು, ಕಾರಿನ ಓಟ ಏರಿತು. ಅವಳು ಇನ್ನೇನು ಬ್ರೇಕ್ ಒತ್ತಬೇಕು, ಎದುರಿನ ತಿರುವಿನಲ್ಲಿ ಘಾಟಿ ಹತ್ತುತ್ತಿದ್ದ ಬಸ್ಸು ಇಡೀ ರಸ್ತೆ ತುಂಬಿಕೊಂಡು ಬಂತು. ಅವಳ ಕಾಲು ಇದ್ದಲ್ಲೇ ಮರಗಟ್ಟಿತು. ವೇದಾವತಿ ಮೇಡಂ ತಮ್ಮ ಕಾಲಡಿಯ ಬ್ರೇಕ್ ಅದುಮಿ, ಒಂದು ಕೈಯಲ್ಲಿ ಸ್ಟೇರಿಂಗನ್ನು ಎಡಕ್ಕೆ ಎಳೆದರು. ಕಾರು ಗುಡ್ಡ ಕಡಿದ ದರೆಯ ಬುಡಕ್ಕೆ ಹೋಗಿ ನಿಂತಿತು. ಬಸ್ಸು ಗೇಣು ಅಂತರದಲ್ಲಿ ಹತ್ತಿ ಹೋಯಿತು. ಕಾರಿಗೆ ಒಂದು ಗೀರೂ ಬೀಳಲಿಲ್ಲ.

ಮೇಡಂ ಬಯ್ಯಲಿಲ್ಲ.

"ಗೇರ್ ಎಲ್ಲಿದೆ ನೋಡು."

"ನ್ಯೂಟ್ರಲ್ಲಲ್ಲಿ, ಮೇಡಂ."

"ನಾನು ಹೇಳ್ಕೊಟ್ಟಿಲ್ಲ. ಯಾರು ಹೇಳ್ಕೊಟ್ರು?"

ಮಾವನ ಹೆಸರು ಹೇಳಲಾರದೆ ಅವಳು ಕನ್ನಡಿಯತ್ತ ನೋಡಿದಳು. ಹಿಂದಿನ ಸೀಟಿನಿಂದ ದನಿ ಬಂತು.

"ನಾನೇ ಹೇಳ್ಕೊಟ್ಟಿದ್ದು."

"ಗೌಡ್ರೆ, ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಗಾಡೀನ ಹಿಡಿಯಲ್ಲ. ಭಾರ ಎಲ್ಲ ಬ್ರೇಕ್ ಮೇಲೇ ಬೀಳುತ್ತೆ. ಇಷ್ಟುದ್ದ ಘಾಟೀಲಿ ಒತ್ತೀ ಒತ್ತೀ ಬ್ರೇಕ್ ಕಾಯುತ್ತೆ, ಕಾದ ಬ್ರೇಕ್ ಹಿಡಿಯಲ್ಲ."

ಚಂದ್ರಯ್ಯನವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಗೊತ್ತು ಮೇಡಂ. ನಂದೂ ಒಂದ್ಸಲ ಹಿಡೀಲಿಲ್ಲ. ಇದೇ ಘಾಟೀಲಿ ಜೀಪನ್ನ ದರೆಗೆ ಒರೆಸಿ ನಿಲ್ಸಿದ್ದೆ. ಮನೇಲಿ ಕಾಟಿ ಅಡ್ಡ ಬಂತು ಅಂದಿದ್ದೆ."

ಸ್ಪಂದನಾಳಿಗೆ ತಡೆಯಲಾರದೆ ನಗು ಬಂತು. ಆ ಕಾಟಿಯ ಕಥೆಯನ್ನು ಅವಳು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದಳು. ಆ ಕಾಡುಕೋಣದ ಕೋಡಿನ ಅಗಲವನ್ನೂ ಮಾವ ಕೈಯಗಲಿಸಿ ತೋರಿಸುತ್ತಿದ್ದರು.

"ಇವತ್ತು ಒಳ್ಳೇದೇ ಆಯ್ತು," ಅಂದರು ಮೇಡಂ. "ಈ ತಪ್ಪು ಮೈದಾನದಲ್ಲಿ ಗೊತ್ತಾಗ್ತಿರ್ಲಿಲ್ಲ, ಅಲ್ಲಿ ಇಳಿಜಾರೇ ಇಲ್ಲ. ಲೈಸೆನ್ಸ್ ಬಂದ್ಮೇಲೆ ಗೊತ್ತಾಗಿದ್ರೆ ಬ್ರೇಕ್ ಒತ್ತೋಕೆ ನಾನಿರ್ತಿರ್ಲಿಲ್ಲ. ಈಗ ಎರಡನೇ ಗೇರ್ ಹಾಕು. ಅಮ್ಮನಿಗೆ ಕೈ ಮುಗಿದಾಯ್ತಲ್ಲ, ಇನ್ನು ನಮ್ಮ ಕೆಲಸ ನಾವು ಮಾಡೋಣ."

ಎರಡನೇ ಗೇರಿನಲ್ಲಿ ಕಾರು ಗುರ್ ಎನ್ನುತ್ತಾ, ತನ್ನಷ್ಟಕ್ಕೆ ತಾನೇ ತಡೆದುಕೊಂಡು ಇಳಿಯಿತು. ತಿರುವಿಗೆ ಮೊದಲೇ ಹಾರ್ನ್, ಹತ್ತುವ ಗಾಡಿ ಬಂದರೆ ನಿಂತು ದಾರಿ. ಘಾಟಿಯ ಕೆಳಗಿನ ಹೊಸಂಗಡಿ ತಲುಪಿದಾಗ ಚಂದ್ರಯ್ಯನವರು ಉಸಿರು ಬಿಟ್ಟು, "ಮೇಡಂ, ಇನ್ನೂ ಎರಡ್ಮೂರು ಸಲ ಕರ್ಕಂಡು ಬನ್ನಿ ಇವಳನ್ನ," ಅಂದರು. ಮೂರು ಸಲ ಸಾಲದೆಂದು ಮೇಡಂ ಐದು ಸಲ ಇಳಿಸಿ ಹತ್ತಿಸಿದರು. ಒಂದು ದಿನ ಮಂಜು ಮುಸುಕಿತ್ತು, ಒಂದು ದಿನ ಭಾನುವಾರದ ಟೂರಿಸ್ಟ್ ಗಾಡಿಗಳ ಸಾಲು. ಸಾಗರದ ಆರ್‌ಟಿಒದಲ್ಲಿ ಸ್ಪಂದನಾ ಒಂದೇ ಸಲಕ್ಕೆ ಪಾಸಾದಳು.

ಇಂಜೆಕ್ಷನ್ ದಿನ ಬೆಳಿಗ್ಗೆ ವ್ಯಾನು ಹೊರಟಿತು. ಹಿಂದೆ ಮಾವ, ಅತ್ತೆ. ಹುಲಿಕಲ್ಲಿನಲ್ಲಿ ನಿಂತು ಕೈ ಮುಗಿದು, ಎರಡನೇ ಗೇರ್ ಹಾಕಿ ಇಳಿದರು. ಡಾಕ್ಟರು ಬರುವುದಕ್ಕೆ ಅರ್ಧ ಗಂಟೆ ಮೊದಲೇ ಆಸ್ಪತ್ರೆಯಲ್ಲಿದ್ದರು. ಗೋಡೆಯ ಅಕ್ಷರ ಓದಿಸಿ ನೋಡಿದ ಡಾಕ್ಟರು, "ಕಣ್ಣು ಇದ್ದಷ್ಟು ಉಳ್ಕೊಂಡಿದೆ. ಹೀಗೇ ತಪ್ಪದೆ ಬನ್ನಿ," ಅಂದರು. ಮಾಸ್ತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಷ್ಟು ದಿನದಿಂದ ಎದೆ ಮೇಲೆ ಕೂತಿದ್ದ ಭಾರ ಅದು.

ಸಂಜೆ ವ್ಯಾನು ಅಂಗಳಕ್ಕೆ ಬಂದು ನಿಂತಾಗ ಪೂರ್ಣೇಶ್ ಗೇಟಿನ ಹತ್ತಿರವೇ ಕಾಯುತ್ತಿದ್ದ.

"ಘಾಟೀಲಿ ಎಂತೂ ತೊಂದರೆ ಆಗ್ಲಿಲ್ವಾ ಅಪ್ಪಾ?"

ಕಣ್ಣಿಗೆ ಪಟ್ಟಿ ಹಾಕಿಸಿಕೊಂಡಿದ್ದ ಚಂದ್ರಯ್ಯನವರು ಬಾಯಿ ತೆರೆಯುವ ಮೊದಲೇ, ಸೊಸೆಯಿಂದ ಕಾಟಿಯ ಗುಟ್ಟು ತಿಳಿದಿದ್ದ ಮಾಸ್ತಮ್ಮ ಹೇಳಿದರು: "ಒಂದೇ ಒಂದು ಕಾಟಿನೂ ಅಡ್ಡ ಬರ್ಲಿಲ್ಲ ಕಣೋ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಗಾಡಿ ಕಲಿಯುತ್ತಿರಬಹುದು. ಮೈದಾನದಲ್ಲಿ ಎಂಟು ಬಂತೆಂದು ಸುಮ್ಮನಾಗಬೇಡಿ. ಹಾಗೆಂದು ಕಲಿಯುವವರನ್ನು ಒಬ್ಬರೇ ಹೈವೇಗೆ ಕಳಿಸಲೂ ಬೇಡಿ. ಕಲಿಕಾ ಲೈಸೆನ್ಸ್ ಇರಲಿ, ಎಲ್ ಬೋರ್ಡ್ ಇರಲಿ, ತಿಳಿದವರ ಜೊತೆಯಲ್ಲಿ ಹೈವೇಯನ್ನೂ ಘಾಟಿಯನ್ನೂ ಕಲಿಯಲಿ. ರಸ್ತೆಯಲ್ಲಿ ಕೆಂಪು ಎಲ್ ಕಂಡರೆ ಹಾರ್ನ್ ಬಾರಿಸಿ ಹೆದರಿಸಬೇಡಿ, ಒಂದು ನಿಮಿಷ ತಾಳಿಕೊಳ್ಳಿ. ಇಳಿಜಾರಿನಲ್ಲಿ ಗಾಡಿ ಗೇರಿನಲ್ಲೇ ಇರಲಿ. ನಿಮ್ಮವರು ಮೊದಲ ಸಲ ಘಾಟಿ ಇಳಿಯುವ ದಿನ, ಅವರ ಪಕ್ಕದ ಸೀಟು ಖಾಲಿ ಇರದಂತೆ ನೋಡಿಕೊಳ್ಳಿ.